ನರದ ತುದಿಯನ್ನು ಎಲ್ಲಿ ಇಡುತ್ತೀರಿ? ಗುಳಿಗೆ, ಸೂಜಿ ಮತ್ತು ಎರಡು ಶಸ್ತ್ರಚಿಕಿತ್ಸೆಗಳ ಹೋಲಿಕೆ

ತುಂಡಾದ ನರದ ನೋವಿಗೆ ಗುಳಿಗೆ ಒಳ್ಳೆಯದೋ ಶಸ್ತ್ರಚಿಕಿತ್ಸೆ ಒಳ್ಳೆಯದೋ ಎಂದು ನನ್ನನ್ನು ಕೇಳುವವರು ಬಹಳ. ನನ್ನ ಕೈ ಕಂಡಂತೆ, ಗುಳಿಗೆಗೂ ಶಸ್ತ್ರಚಿಕಿತ್ಸೆಗೂ ಇರುವ ಅಂತರಕ್ಕಿಂತ ಒಂದು ಶಸ್ತ್ರಚಿಕಿತ್ಸೆಗೂ ಇನ್ನೊಂದಕ್ಕೂ ಇರುವ ಅಂತರವೇ ದೊಡ್ಡದು. ಒಂದೇ ಕೈಗೆ, ಒಂದೇ ನರಕ್ಕೆ ಎರಡು ಬಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ನಾನು. ಒಂದು ಸೋತಿತು, ಇನ್ನೊಂದು ಫಲ ಕೊಟ್ಟಿತು. ಅದಕ್ಕೆ ಕಾರಣ ಇದೆ. ಆ ಕಾರಣ ರೋಗಿಗೆ ಮೊದಲೇ ಗೊತ್ತಿದ್ದರೆ ಎಷ್ಟೋ ನರಳಾಟ ತಪ್ಪುತ್ತದೆ.

ದನಕ್ಕೆ ಹುಲ್ಲು ಕೊಯ್ಯುವಾಗ ಕತ್ತಿ ಜಾರಿ ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆಗೆ ತಾಗಿತ್ತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಬೆರಳುಗಳೆಲ್ಲ ಸರಿಯಾಗಿಯೇ ಆಡುತ್ತಿದ್ದವು. ಆದರೆ ಅಲ್ಲಿ ಚರ್ಮದ ಕೆಳಗೇ ರೇಡಿಯಲ್ ನರದ ಒಂದು ಶಾಖೆ ಹಾದುಹೋಗುತ್ತದೆ. ಬೆರಳನ್ನು ಆಡಿಸುವುದು ಅದರ ಕೆಲಸವಲ್ಲ. ಹೆಬ್ಬೆರಳು, ತೋರುಬೆರಳುಗಳ ಬೆನ್ನಿನ ಮೇಲಾಗುವ ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಒಯ್ಯುವುದಷ್ಟೇ ಅದರ ಕೆಲಸ. ಹಾಗಾಗಿ ಅದು ತುಂಡಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಹೆಬ್ಬೆರಳಿನ ಬೆನ್ನು ಜೋಮು ಹಿಡಿದಂತಿದೆ ಎಂದರೆ, ಗಾಯ ಮಾಗುವಾಗ ಹಾಗೆಲ್ಲ ಇರುತ್ತದೆ ಎಂಬ ಸಮಾಧಾನ ಸಿಗುತ್ತದೆ.

ತುಂಡಾದ ನರ ಸುಮ್ಮನಿರುವುದಿಲ್ಲ. ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮುಂದಕ್ಕೆ ಚಿಗುರುತ್ತ, ತನ್ನ ಇನ್ನೊಂದು ತುದಿಯನ್ನು ಹುಡುಕುತ್ತದೆ. ಅದು ಸಿಗದಿದ್ದರೆ, ಹಬ್ಬಲು ಮರ ಸಿಗದ ಮೆಣಸಿನ ಬಳ್ಳಿ ಬುಡದಲ್ಲೇ ಸುತ್ತಿ ಸುತ್ತಿ ಪೊದೆಯಾಗುವ ಹಾಗೆ, ಚಿಗುರೆಲ್ಲ ಗಾಯದ ಕಲೆಯೊಳಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಇದಕ್ಕೆ ವೈದ್ಯರು ನ್ಯೂರೋಮಾ ಎನ್ನುತ್ತಾರೆ. ನನ್ನ ಗಂಟು ಕಡಲೆಕಾಳಿನಷ್ಟಿತ್ತು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಹೆಬ್ಬೆರಳಿನ ತುದಿಯವರೆಗೆ ಕರೆಂಟು ಹರಿದಂತಾಗುತ್ತಿತ್ತು. ಹೀಗೆ ತಟ್ಟಿ ನೋಡುವ ಪರೀಕ್ಷೆಗೆ ಟಿನೆಲ್ ಎಂಬ ಫ್ರೆಂಚ್ ವೈದ್ಯರ ಹೆಸರಿದೆ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಅವರು ಇದನ್ನು ವಿವರಿಸಿದರು. ಬಳೆ ತೊಡುವುದು ಆಗದ ಮಾತಾಯಿತು. ಸ್ವೆಟರಿನ ತೋಳು ಉಜ್ಜಿದರೂ ಉರಿ, ಸೀರೆಯ ಸೆರಗು ಹಾದರೂ ಉರಿ. ಒದ್ದೆ ಬಟ್ಟೆ ಸುತ್ತಿಕೊಂಡರೆ ಮಾತ್ರ ಒಂದಿಷ್ಟು ತಂಪು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರ ಹರಿದ ಸೈನಿಕರನ್ನು ನೋಡಿಕೊಂಡ ಸೈಲಾಸ್ ವೇರ್ ಮಿಚೆಲ್ ಎಂಬ ವೈದ್ಯರು, ತಮ್ಮ ರೋಗಿಗಳು ಕೈಯನ್ನು ಸದಾ ಒದ್ದೆಯಾಗಿ ಇಟ್ಟುಕೊಳ್ಳುತ್ತಿದ್ದರೆಂದು ಬರೆದಿದ್ದಾರೆ. ಅದನ್ನು ತಿಳಿದಾಗ ನನಗೆ ಸಿಕ್ಕ ಧೈರ್ಯ ಸಣ್ಣದಲ್ಲ. ಇದೆಲ್ಲ ಮನಸ್ಸಿನ ಭ್ರಮೆ ಎಂದವರೂ ಇದ್ದರು.

ಮೊದಲು ಗುಳಿಗೆಗಳ ವಿಷಯ. ಪ್ಯಾರಾಸಿಟಮಾಲ್, ಡೈಕ್ಲೋಫಿನಾಕ್‌ಗಳಿಂದ ಈ ನೋವು ಕದಲುವುದಿಲ್ಲ. ನರದ ನೋವಿಗೆ ಕೊಡುವ ಔಷಧಗಳೇ ಬೇರೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮೂರ್ಛೆರೋಗದ ಔಷಧಗಳ ಸಾಲಿನವು. ಅಮಿಟ್ರಿಪ್ಟಿಲಿನ್, ಡ್ಯೂಲೋಕ್ಸೆಟಿನ್ ಖಿನ್ನತೆಯ ಔಷಧಗಳ ಸಾಲಿನವು. ಚೀಟಿ ನೋಡಿ ಅತ್ತೆಯವರು ಗಾಬರಿಯಾಗಿದ್ದರು. ರಾತ್ರಿ ಹತ್ತು ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಡುವುದು ನರದ ನೋವಿಗೆ, ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಮನೆ ತಣ್ಣಗಾಯಿತು. 2015ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದರ ಲೆಕ್ಕ ಹೀಗಿದೆ: ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟಾಗ ಕಾಣುವುದಕ್ಕಿಂತ, ನೋವು ಅರ್ಧಕ್ಕೆ ಇಳಿದ ಒಬ್ಬ ರೋಗಿಯನ್ನು ಹೆಚ್ಚುವರಿಯಾಗಿ ಕಾಣಬೇಕಾದರೆ ಅಮಿಟ್ರಿಪ್ಟಿಲಿನ್ ವರ್ಗದ ಔಷಧವನ್ನು ಸುಮಾರು ನಾಲ್ಕು ಜನರಿಗೆ ಕೊಡಬೇಕು, ಪ್ರಿಗ್ಯಾಬಲಿನ್ ಆದರೆ ಸುಮಾರು ಎಂಟು ಜನರಿಗೆ. ನನ್ನ ಅನುಭವವೂ ಈ ಲೆಕ್ಕದ ಹತ್ತಿರವೇ ಇತ್ತು. ಅಮಿಟ್ರಿಪ್ಟಿಲಿನ್ ನಿದ್ದೆ ಕೊಟ್ಟಿತು, ಜೊತೆಗೆ ಬಾಯಿ ಒಣಗಿಸಿತು. ಪ್ರಿಗ್ಯಾಬಲಿನ್ ಸದಾ ಇರುತ್ತಿದ್ದ ಉರಿಯನ್ನು ತಗ್ಗಿಸಿತು, ಆದರೆ ಮುಟ್ಟಿದಾಗ ಸಿಡಿಯುವ ನೋವಿಗೆ ಅದು ಏನೂ ಮಾಡಲಿಲ್ಲ. ಪಾದಗಳು ಊದಿಕೊಂಡವು, ಹಗಲೆಲ್ಲ ಮಂಪರು. ಗುಳಿಗೆ ಮಿದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸದ್ದನ್ನು ತಗ್ಗಿಸುತ್ತದೆ. ಮಣಿಕಟ್ಟಿನ ಗಂಟು ಇದ್ದಲ್ಲೇ ಇರುತ್ತದೆ.

ಮುಲಾಮುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧದ ಮುಲಾಮು ನೋವಿಗೆ ತುಸು ಹೊತ್ತು ಮಂಕು ಕವಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಇರುವ ಮುಲಾಮನ್ನು ನೋವು ಹಿಡಿಯುವ ನರತಂತುಗಳನ್ನು ದಣಿಸಲೆಂದು ಕೊಡುತ್ತಾರೆ. ಆ ಖಾರವನ್ನು ಗುರುತಿಸುವ, ನರತಂತುಗಳಲ್ಲಿರುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆದರೆ ಬಟ್ಟೆ ಸೋಕಿದರೇ ಉರಿಯುವ ಚರ್ಮಕ್ಕೆ ಖಾರ ಹಚ್ಚುವುದು ನನ್ನಿಂದ ಆಗಲಿಲ್ಲ.

ಮೊದಲ ಶಸ್ತ್ರಚಿಕಿತ್ಸೆ ಬಹಳ ಸರಳವಾಗಿತ್ತು. ಹಳೆಯ ಕಲೆಯ ಮೇಲೆಯೇ ಸೀಳಿ, ಗಂಟನ್ನು ಕತ್ತರಿಸಿ ತೆಗೆದು, ನರವನ್ನು ತುಸು ಎಳೆದು ಕತ್ತರಿಸಿ ಬಿಟ್ಟರು. ಹೀಗೆ ಬಿಟ್ಟರೆ ತುದಿ ತಾನಾಗಿಯೇ ಒಳಕ್ಕೆ ಸರಿಯುತ್ತದೆ ಎಂಬುದು ಲೆಕ್ಕಾಚಾರ. ಕೈ ಹಗುರಾಯಿತು, ಬಳೆ ತೊಟ್ಟೆ, ದೀಪಾವಳಿಗೆ ಗೋವುಗಳ ಮೈ ತೊಳೆದೆ. ಮಳೆಗಾಲ ಬರುವಷ್ಟರಲ್ಲಿ ನೋವು ತಿರುಗಿ ಬಂತು, ಅದೂ ಮೊದಲಿನ ಜಾಗಕ್ಕಿಂತ ಎರಡು ಬೆರಳು ಮೇಲೆ. ನರಕ್ಕೆ ಚಿಗುರುವುದು ಸಹಜಗುಣ. ಕತ್ತರಿಸಿದ ಹೊಸ ತುದಿಯೂ ಚಿಗುರುತ್ತದೆ. ಅದನ್ನು ಮಣಿಕಟ್ಟಿನ ಬಳಿ, ಚರ್ಮದ ಕೆಳಗೆ, ಕೈ ಆಡಿಸಿದಾಗಲೆಲ್ಲ ಜಗ್ಗುವ ಕಲೆಯ ಮಧ್ಯೆ ಬಿಟ್ಟರೆ ಅಲ್ಲೇ ಹೊಸ ಗಂಟು ಕಟ್ಟುತ್ತದೆ. ರೇಡಿಯಲ್ ನರದ ಈ ಶಾಖೆ ಆ ವಿಷಯದಲ್ಲಿ ಕುಖ್ಯಾತ.

ಅಲ್ಲಿಂದ ನಾನು ನೋವು ಚಿಕಿತ್ಸಾ ವಿಭಾಗಕ್ಕೆ ಹೋದೆ. ಅಲ್ಲಿ ನೋಡುವವರು ಅರಿವಳಿಕೆ ತಜ್ಞರು. ಗಂಟಿನ ಸುತ್ತ ಸ್ಟೀರಾಯ್ಡ್ ಕೊಟ್ಟರು, ಕೆಲವು ವಾರ ಚೆನ್ನಾಗಿತ್ತು. ಆಮೇಲೆ ರೇಡಿಯೋ ತರಂಗದ ಚಿಕಿತ್ಸೆ. ಇದರಲ್ಲಿ ಎರಡು ಬಗೆ ಇವೆ: ಸೂಜಿಯ ತುದಿಯನ್ನು ಎಂಬತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ ನರತಂತುಗಳನ್ನು ಸುಡುವುದು ಒಂದು. ಬಿಟ್ಟು ಬಿಟ್ಟು ತರಂಗ ಹಾಯಿಸಿ, ಉಷ್ಣತೆ ನಲವತ್ತೆರಡು ಡಿಗ್ರಿ ಮೀರದಂತೆ ನೋಡಿಕೊಳ್ಳುವುದು ಇನ್ನೊಂದು. ನನಗೆ ಮಾಡಿದ್ದು ಎರಡನೆಯದು. ಸ್ಟೀರಾಯ್ಡಿಗಿಂತ ಹೆಚ್ಚು ಕಾಲ ಉಳಿಯಿತು, ನೋವೂ ಮಂದವಾಯಿತು, ಆದರೆ ಹೋಗಲಿಲ್ಲ. ಶಸ್ತ್ರಚಿಕಿತ್ಸೆ ಬೇಡ ಎನ್ನುವವರಿಗೆ, ವಯಸ್ಸಾದವರಿಗೆ ಇದು ಗೌರವದ ದಾರಿ.

ಇಷ್ಟೆಲ್ಲದರಲ್ಲಿ ನನ್ನ ದಿಕ್ಕನ್ನೇ ಬದಲಿಸಿದ್ದು ಚಿಕಿತ್ಸೆಯಲ್ಲ, ಒಂದು ಪರೀಕ್ಷೆ. ಗಂಟಿನಿಂದ ಬಹಳ ಮೇಲೆ, ಮುಂಗೈಯ ಆರೋಗ್ಯವಂತ ಜಾಗದಲ್ಲಿ, ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನು ನೋಡಿಕೊಂಡೇ ಒಂದೆರಡು ಮಿಲಿಲೀಟರ್ ಲಿಗ್ನೊಕೇನ್ ಕೊಟ್ಟರು. ಸ್ವಲ್ಪ ಹೊತ್ತು ಕಾಯಿಸಿ ವೈದ್ಯೆ ಹೇಳಿದರು: "ಎಲ್ಲಿ, ಬಳೆ ಏರಿಸಿ ನೋಡೋಣ ಅಮ್ಮಾ." ಪರ್ಸಿನಲ್ಲಿಟ್ಟುಕೊಂಡಿದ್ದ ಗಾಜಿನ ಬಳೆಯನ್ನು ಬೆರಳುಗಳ ಮೇಲಿಂದ ನಿಧಾನಕ್ಕೆ ಜಾರಿಸಿದೆ. ಗಂಟಿನ ಮೇಲೆ ಹಾದರೂ ಸಿಡಿತವಿಲ್ಲ. ಕಲೆಯ ಒಳಬದಿಯಲ್ಲಿ ಮಾತ್ರ ಒಂದು ಎಳೆ ಉರಿ ಉಳಿದಿತ್ತು. ಅದನ್ನು ಹೇಳಿದ್ದೇ ತಡ, ಮೊಣಕೈಯಿಂದ ಇಳಿದುಬರುವ ಇನ್ನೊಂದು ಚರ್ಮದ ನರಕ್ಕೂ ಚುಚ್ಚಿದರು. ಉಳಿದದ್ದೂ ಹೋಯಿತು. ಮಣಿಕಟ್ಟಿನ ಆ ಭಾಗದಲ್ಲಿ ಅನೇಕರಲ್ಲಿ ಎರಡು ನರಗಳ ಸೀಮೆ ಒಂದರ ಮೇಲೊಂದು ಬಿದ್ದಿರುತ್ತದೆಯಂತೆ. ಒಂದನ್ನು ಮಾತ್ರ ಸರಿಪಡಿಸಿದರೆ ಇನ್ನೊಂದು ನೋಯಿಸುತ್ತಲೇ ಇರುತ್ತದೆ. ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ ಈ ಪರೀಕ್ಷೆ ಆಗಿರಲಿಲ್ಲ.

ಈ ಚುಚ್ಚುಮದ್ದಿನಿಂದ ನೋವು ಹೋಗದಿದ್ದರೆ? ಆಗ ನೋವಿನ ಮೂಲ ಬೇರೆ ಕಡೆ ಇರಬಹುದು, ಅಥವಾ ಬೆನ್ನುಹುರಿಯೇ ನೋವನ್ನು ರೂಢಿಮಾಡಿಕೊಂಡಿರಬಹುದು. ಅಂಥವರಿಗೆ ಗಂಟು ತೆಗೆಯುವುದರಿಂದ ಲಾಭ ಕಡಿಮೆ. ಕೈಯಿಡೀ ಊದಿ, ಬಣ್ಣಗೆಟ್ಟು, ಬೆವರುತ್ತ ನೋಯುವ ಸಂಕೀರ್ಣ ನೋವಿನ ಕಾಯಿಲೆ ಇರುವವರಲ್ಲಿ ಶಸ್ತ್ರಚಿಕಿತ್ಸೆ ನೋವನ್ನು ಹೆಚ್ಚಿಸಲೂಬಹುದು. ಈ ಪರೀಕ್ಷೆ ಮಾಡದೆ ಕತ್ತಿ ಹಿಡಿಯುವ ಸರ್ಜನ್ ಬಳಿ ನಾನು ಇನ್ನು ಯಾರನ್ನೂ ಕಳಿಸಲಾರೆ.

ಎರಡನೆಯ ಶಸ್ತ್ರಚಿಕಿತ್ಸೆಗೆ ಮೊದಲು ಮೂರು ದಾರಿಗಳನ್ನು ಮುಂದಿಟ್ಟರು. ಒಂದು, ಕೆಳಗಿನ ತುದಿಯನ್ನು ಹುಡುಕಿ, ಕಾಲಿನ ಮೀನಖಂಡದಿಂದ ನರದ ತುಂಡು ತೆಗೆದು ನಡುವೆ ಜೋಡಿಸುವುದು. ನರಕ್ಕೆ ತನ್ನ ಮನೆಯೇ ಮರಳಿ ಸಿಗುವುದರಿಂದ ಸ್ಪರ್ಶವೂ ಬರಬಹುದು. ಬದಲಿಗೆ ಪಾದದ ಹೊರಬದಿ ಜೋಮಾಗುತ್ತದೆ. ಆದರೆ ನನ್ನ ಕೈಯಲ್ಲಿ ಕೆಳಗಿನ ತುದಿ ಎರಡು ಗಾಯಗಳ ಕಲೆಯೊಳಗೆ ಹುದುಗಿಹೋಗಿತ್ತು. ಎರಡು, ನರದ ತುದಿಯನ್ನು ಸ್ನಾಯುವಿಗೆ ಹೋಗುವ ಸಣ್ಣ ಚಾಲಕ ನರವೊಂದಕ್ಕೆ ಹೊಲಿಯುವುದು. ಚಿಕಾಗೋದಲ್ಲಿ ಟಾಡ್ ಕೈಕನ್, ಗ್ರೆಗರಿ ಡುಮೇನಿಯನ್ ಇದನ್ನು ಬೆಳೆಸಿದ್ದು ಕೈ ಕಳೆದುಕೊಂಡವರು ಕೃತಕ ಕೈಯನ್ನು ಆಡಿಸಲೆಂದು. ನೋವೂ ತಗ್ಗುವುದು ಆಮೇಲೆ ಕಂಡುಬಂತು. ಕೈಯನ್ನೋ ಕಾಲನ್ನೋ ಕಳೆದುಕೊಂಡು, ಇಲ್ಲದ ಅಂಗದ ನೋವಿನಿಂದ ಒದ್ದಾಡುವವರು ಇದನ್ನು ಕೇಳಿಯೇ ಕೇಳಬೇಕು. ನನ್ನದು ಬರೀ ಚರ್ಮದ ನರ, ಅದಕ್ಕಾಗಿ ಒಳ್ಳೆಯ ಚಾಲಕ ನರವನ್ನು ಮುಟ್ಟಲು ಮನಸ್ಸಾಗಲಿಲ್ಲ.

ನಾನು ಆಯ್ದುಕೊಂಡದ್ದು ಮೂರನೆಯದನ್ನು: ನರದ ತುದಿಯನ್ನು ಸ್ನಾಯುವಿನೊಳಗೆ ಹೂಳುವುದು. ಡೆಲ್ಲನ್ ಮತ್ತು ಮೆಕಿನನ್ ಎಂಬ ಸರ್ಜನ್ನರು 1986ರಲ್ಲಿ ಪ್ರಕಟಿಸಿದ ವಿಧಾನ ಇದು. ತೋಳಿಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರಿಂದ ನಾನು ಎಚ್ಚರವಾಗಿಯೇ ಇದ್ದೆ. ಈ ಬಾರಿ ಸೀಳಿದ್ದು ಮುಂಗೈಯ ಮೇಲ್ಭಾಗದಲ್ಲಿ. ಅಲ್ಲಿ ನರ ಗಾಯ ಕಾಣದೆ ಬಿಳಿಯಾಗಿ, ನುಣುಪಾಗಿರುತ್ತದೆ. ಅದನ್ನು ಕತ್ತರಿಸಿ, ಮುಂಗೈಯ ದಪ್ಪ ಸ್ನಾಯುವಿನ ಆಳದಲ್ಲಿ, ಒಂದಿಷ್ಟೂ ಬಿಗಿಯಿಲ್ಲದಂತೆ ಇಟ್ಟರು. ಎರಡನೆಯ ನರಕ್ಕೂ ಹಾಗೆಯೇ ಮಾಡಿದರು. ನರ ಅಲ್ಲೂ ಚಿಗುರುತ್ತದೆ. ಆದರೆ ಸುತ್ತ ಮೆತ್ತನೆಯ ಮಾಂಸವಿದೆ, ಕಲೆಯಿಲ್ಲ, ಬಳೆ ತಾಗುವುದಿಲ್ಲ, ಮಣಿಕಟ್ಟು ಜಗ್ಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಬಾರಿ ಆದದ್ದು ಗಂಟಿನ ನರವನ್ನು ಕತ್ತರಿಸುವ ಕೆಲಸವೇ. ಮೊದಲ ಬಾರಿ ತುದಿಯನ್ನು ಅದರ ಪಾಡಿಗೆ ಬಿಟ್ಟರು, ಎರಡನೆಯ ಬಾರಿ ಅದಕ್ಕೊಂದು ಜಾಗ ಕೊಟ್ಟರು. ಆದ್ದರಿಂದ ಸರ್ಜನ್‌ರನ್ನು ಕೇಳಬೇಕಾದ ಪ್ರಶ್ನೆ ಗಂಟನ್ನು ತೆಗೆಯುತ್ತೀರಾ ಎಂದಲ್ಲ. ತೆಗೆದ ಮೇಲೆ ನರದ ತುದಿಯನ್ನು ಎಲ್ಲಿ ಇಡುತ್ತೀರಿ ಎಂದು.

ಫಲ ಒಂದೇ ದಿನದಲ್ಲಿ ಬರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೋಥೆರಪಿಯವರು ಚರ್ಮಕ್ಕೆ ಸ್ಪರ್ಶವನ್ನು ಮತ್ತೆ ರೂಢಿ ಮಾಡಿಸಿದರು: ಮೊದಲು ಹತ್ತಿ, ಆಮೇಲೆ ಟವೆಲ್ಲು, ಆಮೇಲೆ ಪಾತ್ರೆಯಲ್ಲಿ ರಾಗಿ ತುಂಬಿ ಅದರೊಳಗೆ ಕೈಯಾಡಿಸುವುದು, ಕೊನೆಗೆ ಅಕ್ಕಿ. ನರ ಶಾಂತವಾದರೂ ಮಿದುಳಿಗೆ ಹಳೆಯ ಅಂಜಿಕೆ ಬಿಡಲು ಕಾಲ ಬೇಕು. ಮೊದಲು ಹತ್ತಕ್ಕೆ ಎಂಟು ಎನ್ನುತ್ತಿದ್ದ ನೋವು ಈಗ ಎರಡರ ಆಸುಪಾಸಿನಲ್ಲಿದೆ. ಮಾಗಿಯ ಚಳಿಯಲ್ಲಿ ತುಸು ಹೆಚ್ಚು. ಪ್ರಿಗ್ಯಾಬಲಿನ್ ಅನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ ಬಿಟ್ಟೆ. ಒಮ್ಮೆಲೇ ಬಿಡಬಾರದ ಔಷಧ ಅದು. ಅಮಿಟ್ರಿಪ್ಟಿಲಿನ್ ರಾತ್ರಿಗೆ ಇನ್ನೂ ಇದೆ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹೆಬ್ಬೆರಳಿನ ಬೆನ್ನು ಶಾಶ್ವತವಾಗಿ ಮರಗಟ್ಟಿದೆ. ಬಿಸಿ ಪಾತ್ರೆ ತಗುಲಿದ್ದು ಗೊತ್ತಾಗದೆ ಬೊಬ್ಬೆ ಎದ್ದದ್ದುಂಟು. ಈಗ ಒಲೆಯ ಮುಂದೆ ಕಣ್ಣಿನಿಂದಲೇ ಕಾವಲು. ಉರಿಗೆ ಬದಲಾಗಿ ಬಂದ ಈ ಮರಗಟ್ಟುವಿಕೆಯನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ. ಆದರೆ ಬೆರಳಿನ ಒಳಬದಿಯ ನರ ಹೋದವರು, ಸೂಜಿ ದಾರ ಹಿಡಿದು ದುಡಿಯುವವರು, ವೀಣೆ ನುಡಿಸುವವರು ನರ ಜೋಡಿಸುವ ದಾರಿಯನ್ನೇ ಮೊದಲು ವಿಚಾರಿಸಬೇಕು.

ಇನ್ನೊಂದು ಕೆಲಸದ ಮಾತು. ಮಣಿಕಟ್ಟಿಗೆ ಕತ್ತಿಯೋ ಗಾಜೋ ತಾಗಿ, ಅದರಿಂದಾಚೆ ಸ್ಪರ್ಶ ಇಲ್ಲವಾದರೆ, ಬೆರಳು ಆಡುತ್ತಿದೆ ಎಂದು ಸುಮ್ಮನಿರದೆ ಕೂಡಲೇ ಕೈ ಶಸ್ತ್ರಚಿಕಿತ್ಸೆ ಬಲ್ಲ ಪ್ಲಾಸ್ಟಿಕ್ ಅಥವಾ ಮೂಳೆ ಸರ್ಜನ್‌ರಿಗೆ ತೋರಿಸಿ. ಹೊಸ ಗಾಯದಲ್ಲಿ ಎರಡೂ ತುದಿಗಳು ಎದುರುಬದುರಾಗಿರುತ್ತವೆ, ಹೊಲಿಯುವುದು ಸುಲಭ. ಒಮ್ಮೆ ಶಸ್ತ್ರಚಿಕಿತ್ಸೆ ಆದವರು ಆಸ್ಪತ್ರೆಯಿಂದ ಡಿಸ್ಚಾರ್ಜ್ ಚೀಟಿಯನ್ನಷ್ಟೇ ಅಲ್ಲ, ಶಸ್ತ್ರಚಿಕಿತ್ಸೆಯ ವಿವರದ ಟಿಪ್ಪಣಿಯನ್ನೂ ಕೇಳಿ ಪಡೆಯಿರಿ. ಯಾವ ನರವನ್ನು ಎಲ್ಲಿ ಕತ್ತರಿಸಿದರು, ತುದಿಯನ್ನು ಏನು ಮಾಡಿದರು ಎಂಬುದು ಅದರಲ್ಲಿರುತ್ತದೆ. ನನ್ನ ಎರಡನೆಯ ಸರ್ಜನ್ ಮೊದಲು ಕೇಳಿದ ಕಾಗದವೂ ಅದೇ.