ನಾಲ್ಕು ಮಳೆಗಾಲ ಕಂಡ ಸೆಕೆಂಡ್ ಹ್ಯಾಂಡ್ ಕಾರ್ ಸ್ಟೀರಿಯೊ

2021ರ ನವೆಂಬರಿನಲ್ಲಿ 2,500 ರೂಪಾಯಿಗೆ ತಂದ ಸೆಟ್ಟನ್ನು ಮೊನ್ನೆ ದೀಪಾವಳಿ ಕಳೆದ ಮೇಲೆ 1,500ಕ್ಕೆ ಮಾರಿದೆ. ನಡುವೆ ನಾಲ್ಕು ಮಳೆಗಾಲ. ನಮ್ಮದು ತೀರ್ಥಹಳ್ಳಿ ಕಡೆಯ ಮಳೆ ಅನ್ನೋದನ್ನು ಲೆಕ್ಕಕ್ಕೆ ತಗೊಂಡರೆ ಇದು ಸಣ್ಣ ಆಯುಷ್ಯ ಅಲ್ಲ.

ಕಾರು 2009ರ ಸ್ವಿಫ್ಟ್, ಸ್ಟೀರಿಯೊ ಇಲ್ಲದೆ ಬಂದ ಗಾಡಿ. ಅದಿರಬೇಕಾದ ಗೂಡಿನಲ್ಲಿ ಹಿಂದಿನ ಮಾಲೀಕರು ಎಲೆ ಅಡಿಕೆ ಇಡುತ್ತಿದ್ದರು, ಸುಣ್ಣದ ಕಲೆ ಇನ್ನೂ ಇದೆ. ಮಂಡಿ, ಬ್ಯಾಂಕು, ಅಪ್ಪನ ಆಸ್ಪತ್ರೆ ಅಂತ ತಿಂಗಳಿಗೆ ನಾಲ್ಕೈದು ಸಲ ಶಿವಮೊಗ್ಗಕ್ಕೆ ಹೋಗಿಬರುವವನಿಗೆ ಅರವತ್ತು ಕಿಲೋಮೀಟರ್ ಮೌನವಾಗಿ ಕೂರುವುದು ಕಷ್ಟ.

ಸೆಟ್ ಸಿಕ್ಕಿದ್ದು ಶಿವಮೊಗ್ಗದ ವಿನೋಬನಗರದ ಒಂದು ಮನೆಯಲ್ಲಿ. ಅಮೆರಿಕದಲ್ಲಿರುವ ಮಗ ತಂದುಕೊಟ್ಟದ್ದಂತೆ, ಅವರು ಕಾರನ್ನೇ ಬದಲಿಸಿದ್ದರು. ಬ್ಲೂಟೂತ್, ಯುಎಸ್‌ಬಿ, ಸಿಡಿ, ಕಳಚಿಡುವ ಫೇಸ್, ಅಂದರೆ ಬಟನ್ ಇರುವ ಮುಂಭಾಗ. ಕಂಪನಿ ಹೆಸರು ಬರೆದು ಉಪಯೋಗವಿಲ್ಲ, ಆ ಮಾಡೆಲ್ ಈಗ ಬರುತ್ತಿಲ್ಲ. 3,500 ಹೇಳಿದರು. ನಾನು ಹೋಗುವಾಗಲೇ ಹಳೆಯ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಮತ್ತು ಒಂದು ಸ್ಪೀಕರ್ ಚೀಲದಲ್ಲಿ ಹಾಕಿಕೊಂಡಿದ್ದೆ. ಹಳದಿ, ಕೆಂಪು ವೈರು ಎರಡನ್ನೂ ಸೇರಿಸಿ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕೊಟ್ಟರೆ ಸೆಟ್ ಜೀವ ತಳೆಯುತ್ತದೆ. ಆಮೇಲೆ ಸ್ಪೀಕರನ್ನು ನಾಲ್ಕು ಜೋಡಿಗೂ ಒಂದೊಂದಾಗಿ ಮುಟ್ಟಿಸಬೇಕು: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ನಾಲ್ಕೂ ಮಾತಾಡಿದವು. ಆ ಮನೆಯ ಅಮ್ಮ ಕಾಫಿ ತಂದುಕೊಟ್ಟು, ‘ಬಾಂಬ್ ಸ್ಕ್ವಾಡಿನವರ ಥರ ಕಾಣ್ತೀರಪ್ಪ’ ಅಂದರು. 2,500ಕ್ಕೆ ಮುಗಿಯಿತು. ಕೊಡುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಕಾಫಿ ಕುಡಿದು ಎದ್ದುಬನ್ನಿ.

ರಟ್ಟಿನ ಡಬ್ಬದ ಮೇಲೆ 50 ವಾಟ್ ಗುಣಿಲೆ 4 ಅಂತ ದಪ್ಪಕ್ಕೆ ಬರೆದಿತ್ತು. ಸೆಟ್ಟಿನ ಬೆನ್ನಿನಲ್ಲಿದ್ದ ಫ್ಯೂಸ್ 10 ಆಂಪಿಯರಿನದು. ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟಿಗೆ ಗುಣಿಸಿದರೆ ಒಳಗೆ ಹೋಗುವುದೇ 140 ವಾಟ್. ಹೊರಗೆ ನಿರಂತರವಾಗಿ 200 ಎಲ್ಲಿಂದ ಬರಬೇಕು? ಆ ಅಂಕಿ ಕ್ಷಣಮಾತ್ರದ್ದು. ನಿಜಕ್ಕೂ ಸಿಗುವುದು ಚಾನೆಲ್ಲಿಗೆ ಇಪ್ಪತ್ತರ ಆಸುಪಾಸು, ಕಾರಿನೊಳಗೆ ಅದು ಧಾರಾಳ.

ಶಿವಮೊಗ್ಗದಲ್ಲೇ ಒಂದು ಅಂಗಡಿಯಲ್ಲಿ ಕೂರಿಸಿದೆ, 600 ರೂಪಾಯಿ. ಹೆಸರು ಬೇಡ. ಸಿಂಗಲ್ ಡಿನ್ ಸೆಟ್ಟು ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಸ್ವಿಫ್ಟಿನ ಗೂಡು ದೊಡ್ಡದು, ಹಾಗಾಗಿ ಫ್ರೇಮ್ ಬೇಕಾಯಿತು. ಹುಡುಗ ಚುರುಕಾಗಿದ್ದ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ‘ಸಾರ್, ಕೀ ಇಲ್ದಿದ್ರೂ ಹಾಡು ಬರೋ ಹಂಗೆ ಮಾಡಿದೀನಿ’ ಅಂದ. ನಾನೂ ಖುಷಿಯಿಂದ ಐವತ್ತು ಹೆಚ್ಚಿಗೆ ಕೊಟ್ಟೆ. ಆ ಐವತ್ತು ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು ಕೈಕೊಟ್ಟದ್ದು ರೇಡಿಯೊ, ಅದೂ ಮನೆ ಮುಟ್ಟುವ ಮುಂಚೆ. ಅಪ್ಪನಿಗೆ ಭದ್ರಾವತಿ ಆಕಾಶವಾಣಿ ಬೇಕು. 103.5 ಎಫ್‌ಎಂ ಗಾಜನೂರಿನವರೆಗೆ ಚೆನ್ನಾಗಿತ್ತು, ಮಂಡಗದ್ದೆ ದಾಟಿ ಕಾಡು ಗುಡ್ಡ ಶುರುವಾದ ಮೇಲೆ ಕರಕರ. ಸರಿ, ಎಎಂಗೆ ಹೋಗೋಣ ಅಂದರೆ 675 ಸಿಗುತ್ತಲೇ ಇಲ್ಲ! ಸೆಟ್ಟು 670ಕ್ಕೆ ನಿಲ್ಲುತ್ತದೆ, ಅಲ್ಲಿಂದ 680ಕ್ಕೆ ಹಾರುತ್ತದೆ. ‘ಅಮೆರಿಕದ್ದಂತೆ, ಭದ್ರಾವತಿ ಗೊತ್ತಿಲ್ಲ ಪಾಪ’ ಅಂದ ಅಪ್ಪ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕರು. ವಿಷಯವೂ ಅದೇ ಆಗಿತ್ತು. ಅಲ್ಲಿ ಎಎಂ ಕೇಂದ್ರಗಳ ನಡುವಿನ ಹೆಜ್ಜೆ 10 ಕಿಲೋಹರ್ಟ್ಸ್, ನಮ್ಮಲ್ಲಿ 9. ಒಂಬತ್ತರ ಮಗ್ಗಿ ಎಪ್ಪತ್ತೈದರವರೆಗೆ ಹೋದರೆ 675. ಸೆಟ್ಟಿನ ಮೆನುವಿನಲ್ಲಿ ಪ್ರದೇಶ ಬದಲಿಸುವ ಆಯ್ಕೆ ಅಡಗಿ ಕೂತಿತ್ತು, ಬದಲಿಸಿದ ತಕ್ಷಣ ಭದ್ರಾವತಿ ಸಿಕ್ಕಿತು. ಜಪಾನಿನೊಳಗೇ ಮಾರುವ ಸೆಟ್ಟುಗಳೂ ಹಳೇ ಮಾಲಿನಲ್ಲಿ ಬರುತ್ತವೆ, ಅವುಗಳ ಎಫ್‌ಎಂ 76ರಿಂದ ಶುರುವಾಗಿ 90ರ ಹತ್ತಿರ ನಿಂತುಬಿಡುತ್ತದೆ. ಅಂಥದ್ದಕ್ಕೆ ಕೈಹಾಕಬೇಡಿ. ಇನ್ನೊಂದು, ಎಎಂನಲ್ಲಿ ಸುಯ್ ಅಂತ ಸದ್ದು ಬಂದರೆ ಸೆಟ್ಟನ್ನು ಬೈಯುವ ಮೊದಲು ಲೈಟರ್ ಪಾಯಿಂಟಿಗೆ ಚುಚ್ಚಿದ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ.

ಮುಂದಿನ ಜುಲೈ. ಪುಷ್ಯ ಮಳೆ ಹಿಡಿದು ಐದಾರು ದಿನ ಕಾರು ಕೊಟ್ಟಿಗೆಯಿಂದ ಹೊರಬರಲಿಲ್ಲ. ಹೊಳವಾದ ದಿನ ಕೀ ತಿರುಗಿಸಿದರೆ ಟಿಕ್ ಟಿಕ್ ಅಷ್ಟೆ. ಚಾರ್ಜ್ ಮಾಡಿಸಿದೆ, ಹತ್ತು ದಿನ ಬಿಟ್ಟು ಮತ್ತೆ ಅದೇ. ಮೂರನೇ ಸಲ ಊರಿನ ಎಲೆಕ್ಟ್ರಿಷಿಯನ್ ಸೆಟ್ ಹೊರಗೆಳೆದು, ‘ಎಂತ ಮಾರಾಯ್ರೆ, ಯಾರು ಕೂರಿಸಿದ್ದು ಇದನ್ನ?’ ಅಂತ ತಲೆ ಚಚ್ಚಿಕೊಂಡ. ಹಳದಿ ವೈರು ಸದಾ ಕರೆಂಟ್ ಇರುವ ಲೈನಿಗೆ, ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹೋಗಬೇಕು. ಚುರುಕಿನ ಹುಡುಗ ಎರಡನ್ನೂ ಹೊಸೆದು ಸದಾ ಕರೆಂಟಿನ ಲೈನಿಗೇ ಕೊಟ್ಟಿದ್ದ. ಮೀಟರ್ ಇಟ್ಟರೆ, ಬಟನ್ ಒತ್ತಿ ಆಫ್ ಮಾಡಿದ ಸೆಟ್ಟು ಕಾಲು ಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ 6, ಐದು ದಿನಕ್ಕೆ 30 ಆಂಪಿಯರ್ ಅವರ್. ನನ್ನ ಬ್ಯಾಟರಿಯೇ 35ರದ್ದು.

ಜೋಡಣೆಗಳಿಗೆ ಸುತ್ತಿದ್ದ ಟೇಪು ಅಂಟು ಬಿಟ್ಟು ಬಿಚ್ಚಿಕೊಂಡಿತ್ತು, ತಾಮ್ರ ಹಸಿರುಗಟ್ಟಿತ್ತು. ಎಲ್ಲ ಕತ್ತರಿಸಿ ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಹಾಕಿಸಿದೆ. ಕಾರಿನ ಪ್ಲಗ್ಗಿಗೇ ನೇರ ಚುಚ್ಚುವ 250 ರೂಪಾಯಿಯ ಕಪ್ಲರ್ ಮೊದಲೇ ಕೇಳಿ ಹಾಕಿಸಿದ್ದರೆ ಕಾರಿನ ಮೂಲ ವೈರಿಗೆ ಕತ್ತರಿಯೇ ಬೀಳುತ್ತಿರಲಿಲ್ಲ.

ಬಾಗಿಲಿನದು ಬೇರೆಯೇ ಕಥೆ. ಕಾರಿನ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ, ಗಾಜಿನ ಪಟ್ಟಿಯಿಂದ ಜಾರಿ ಕೆಳಗಿನ ತೂತಿನಿಂದ ಹೊರಹೋಗುತ್ತದೆ. ಅದು ಒಳಗೆ ಬರದಂತೆ ಬಾಗಿಲ ಪ್ಯಾನೆಲ್ಲಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಕೂರಿಸುವಾಗ ಅದನ್ನು ಹರಿದು ಹಾಗೇ ಬಿಟ್ಟಿದ್ದರು. ಸ್ಪೀಕರ್ ಕಾಗದದ ಕೋನಿನದು, ಅಂಚಿಗೆ ಫೋಮು. ಎರಡನೇ ಮಳೆಗಾಲಕ್ಕೆ ಕಾಗದ ನೆಂದ ಹಪ್ಪಳ. ಮದ್ದಲೆ ಹೇಗೋ ಕೇಳುತ್ತಿತ್ತು, ಚಂಡೆ ಬಂತೆಂದರೆ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ನಾನು ಸ್ಪೀಕರ್ ಅಳೆಯುವುದೇ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದದಲ್ಲಿ. ಕಂಠ ಏರುವಾಗ ಚಂಡೆಯೂ ಸೇರಿಕೊಂಡರೆ ಯಾವ ಸ್ಪೀಕರಿನ ಬಂಡವಾಳವೂ ಬಯಲಾಗುತ್ತದೆ. ಕೊನೆಗೆ 1,400ಕ್ಕೆ ಪ್ಲಾಸ್ಟಿಕ್ ಕೋನು, ರಬ್ಬರ್ ಅಂಚಿನ ಆರೂವರೆ ಇಂಚಿನ ಜೋಡಿ ತಂದು, ದಪ್ಪ ಹಾಳೆ ಅಂಟಿಸಿ, ಸ್ಪೀಕರಿನ ತಲೆಯ ಮೇಲೆ ಪ್ಲಾಸ್ಟಿಕ್ ಡಬ್ಬದ ಅರ್ಧವನ್ನು ಕೊಪ್ಪೆಯ ಹಾಗೆ ಹೊದಿಸಿದೆ. ಎರಡು ಮಳೆಗಾಲ ಕಳೆದರೂ ಒಣಗಿದೆ.

ಸೆಟ್ಟಿನದೇ ಕೊರತೆ ಅಂತ ಹೇಳುವುದಾದರೆ ಎರಡು. ಮೂರನೇ ವರ್ಷಕ್ಕೆ ಸಿಡಿ ಓದುವುದು ನಿಂತಿತು, ಸ್ಪಿರಿಟ್ಟಿನಲ್ಲಿ ಲೆನ್ಸ್ ಒರೆಸಿದರೂ ಜಗ್ಗಲಿಲ್ಲ. ತಾಳಮದ್ದಲೆಯನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡೆ. ಎರಡನೆಯದು, ಫೇಸಿನ ಹಿಂದಿನ ಹಿತ್ತಾಳೆ ಬಣ್ಣದ ಚುಕ್ಕಿಗಳು ಥಂಡಿಗೆ ಮಂಕಾಗಿ ಬಟನ್ ಕೆಲಸ ಮಾಡುತ್ತಿರಲಿಲ್ಲ. ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸರಿಯಾಗುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎಸೆಯದೆ, ಫೇಸ್ ಇಡುವ ಡಬ್ಬಕ್ಕೆ ಹಾಕಿಡುತ್ತಿದ್ದೆ.

ಈಗ ಕಾರಿಗೆ ಪರದೆಯ ಸೆಟ್ ಬಂದಿದೆ, ಮಗಳ ಹಟ. ಹಳೆಯದನ್ನು ಮೇಲಿನಮನೆಯ ಹುಡುಗ ತನ್ನ ಜೀಪಿಗೆ ಕೇಳಿದ. ಸಿಡಿ ಓದುವುದಿಲ್ಲ ಅಂತ ಮೊದಲೇ ಹೇಳಿದೆ. ‘ಸಿಡಿ ಯಾರ ಹತ್ರ ಉಂಟು ಅಣ್ಣಯ್ಯ’ ಅಂದ. ಜೀಪಿನಲ್ಲಿ ಗೂಡೇ ಇಲ್ಲ, ಡ್ಯಾಶಿನ ಕೆಳಗೆ ಕಬ್ಬಿಣದ ಚೌಕಟ್ಟು ಮಾಡಿಸಿ ನಾನೇ ಕೂರಿಸಿಕೊಟ್ಟೆ. ಆ ಕಾಲದ ಕೀಯಲ್ಲಿ ಕೆಂಪು ವೈರಿಗೆ ತಕ್ಕ ಪಾಯಿಂಟೂ ಇಲ್ಲ, ಅದಕ್ಕೆಂದೇ ಬೇರೆ ಸ್ವಿಚ್ ಇಟ್ಟೆ. ಮೊದಲ ದಿನ ಎಂಜಿನ್ ರೇಸ್ ಮಾಡಿದಷ್ಟೂ ಹಾಡಿನ ಹಿಂದೆ ಕುಂಯ್ ಅಂತ ಕೂಗು. ಅರ್ತ್ ವೈರನ್ನು ಬಣ್ಣದ ಮೇಲೆಯೇ ಬಿಗಿದಿದ್ದೆ, ಬೋಲ್ಟಿನ ಬುಡ ಕೆರೆದು ಬರಿ ಲೋಹಕ್ಕೆ ಕಚ್ಚಿಸಿದ ಮೇಲೆ ನಿಂತಿತು.

ಒಂದು ಮಾತ್ರ ಮರೆತೆ, ಸೆಟ್ಟಿನಿಂದ ನನ್ನ ಫೋನಿನ ಹೆಸರು ಅಳಿಸಲಿಲ್ಲ. ಮೊನ್ನೆ ಅವನು ಅಡಿಕೆ ಕೊನೆ ತುಂಬಲು ಅಂಗಳಕ್ಕೆ ಜೀಪು ತಂದು ನಿಲ್ಲಿಸಿದ್ದ. ಅದೇ ಹೊತ್ತಿಗೆ ಮಂಡಿಯವರ ಫೋನು ಬಂತು. ನಾನು ಜಗಲಿಯಲ್ಲಿ ಹಲೋ ಹಲೋ ಅಂತಿದ್ದೇನೆ, ಈ ಸಲ ನಮಗೆ ಸಿಗುವ ರೇಟು ಜೀಪಿನ ಸ್ಪೀಕರಿನಲ್ಲಿ ಕೊನೆ ತೆಗೆಯುವವರಿಗೆಲ್ಲ ಕೇಳುತ್ತಿದೆ.