ಮಡಿಕೇರಿಯಲ್ಲಿ ಮಾದರಿ ವಿಮಾನದ ಡಿಸೈನ್: ಫ್ರೀಕ್ಯಾಡ್ ಜೊತೆ ಎಕ್ಸ್‌ಎಫ್‌ಎಲ್‌ಆರ್5

ಮಳೆ ಹಿಡಿದರೆ ಕೊಡಗಿನಲ್ಲಿ ವಿಮಾನ ಹಾರಿಸುವ ಮಾತಿಲ್ಲ, ಡಿಸೈನ್ ಮಾಡಿ ಇಟ್ಟುಕೊಳ್ಳುವ ಕಾಲ ಅದು. ಕರೆಂಟು, ನೆಟ್ಟು ಕೈಕೊಡುವುದೂ ಆಗಲೇ. ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವ ಆಟೋಡೆಸ್ಕ್‌ನ ಫ್ಯೂಷನ್ ಬೇಗ ಕೈಗೆ ಒಗ್ಗುತ್ತದೆ, ಸ್ಕೆಚ್ ಎಳೆಯುವ ಸುಖವೂ ಅದರಲ್ಲೇ ಹೆಚ್ಚು. ಆದರೆ ಫೈಲುಗಳೆಲ್ಲ ಕ್ಲೌಡ್‌ನಲ್ಲಿ, ಉಚಿತ ಲೈಸೆನ್ಸಿನಲ್ಲಿ ಒಮ್ಮೆಗೆ ತಿದ್ದಲು ಸಿಗುವುದು 10 ಡಾಕ್ಯುಮೆಂಟ್ ಮಾತ್ರ. ಅದೇ ಕೆಲಸ ಮಾಡುವ ಫ್ರೀಕ್ಯಾಡ್‌ಗೆ ದುಡ್ಡೂ ಬೇಡ, ಲಾಗಿನ್ನೂ ಬೇಡ. ಮೊದಲಿನ ಅಳತೆ ಬದಲಿಸಿದರೆ ಮುಂದಿನದೆಲ್ಲ ಮುರಿದು ಬೀಳುತ್ತಿದ್ದ ಅದರ ಹಳೇ ಕಾಟ 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಬಹಳ ತಗ್ಗಿದೆ.

ಆದರೆ ಫ್ರೀಕ್ಯಾಡ್ ರೆಕ್ಕೆ ಬರೆದುಕೊಡುತ್ತದೆಯೇ ಹೊರತು ಅದು ಹಾರುತ್ತದೋ ಇಲ್ಲವೋ ಹೇಳುವುದಿಲ್ಲ. ಆ ಕೆಲಸಕ್ಕೆ ಉಚಿತವಾದ ಎಕ್ಸ್‌ಎಫ್‌ಎಲ್‌ಆರ್5. ತೆರೆದ ಕೂಡಲೇ ಗಾಳಿಯ ಸಾಂದ್ರತೆ ತಿದ್ದಿ. ಅದರಲ್ಲಿರುವ ಘನ ಮೀಟರಿಗೆ 1.225 ಕಿಲೋ ಸಮುದ್ರಮಟ್ಟದ್ದು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ, 20ರಿಂದ 25 ಡಿಗ್ರಿ ಬಿಸಿಲಿಗೆ, 1.05ರ ಆಸುಪಾಸು. 1,200 ಮಿಮೀ ಉದ್ದ, 200 ಮಿಮೀ ಅಗಲದ ರೆಕ್ಕೆ, ಒಟ್ಟು ತೂಕ 900 ಗ್ರಾಂ, ಗರಿಷ್ಠ ಲಿಫ್ಟ್ ಗುಣಾಂಕ (ರೆಕ್ಕೆಯ ಎತ್ತುವ ಸಾಮರ್ಥ್ಯದ ಅಳತೆ) 1.2 ಎಂದಿಟ್ಟುಕೊಂಡರೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದು) ಸೆಕೆಂಡಿಗೆ 7.1 ಮೀಟರಿನಿಂದ 7.6ಕ್ಕೆ ಏರುತ್ತದೆ. ಸಿಲ್ವರ್ ಓಕ್ ಸಾಲು ದಾಟಿ ಪುಟ್ಟ ಗದ್ದೆಗೆ ಇಳಿಸುವವರಿಗೆ ಇದು ಸಣ್ಣ ಮಾತಲ್ಲ.

ಹೊಸಬರು ಎಡವುವುದು ಇನ್ನೊಂದು ಕಡೆ. ರೆಕ್ಕೆಯ ಲೆಕ್ಕ ಓಡಿಸಿದರೆ ‘ಫ್ಲೈಟ್ ಎನ್ವಲಪ್‌ನ ಹೊರಗೆ’ ಎಂದು ನಿಂತುಬಿಡುತ್ತದೆ. ಸಾಮಾನ್ಯವಾಗಿ ತಪ್ಪು ರೆಕ್ಕೆಯದ್ದಲ್ಲ, ತುದಿಯ ಕಿರಿದಾದ ಭಾಗದ ರೆನಾಲ್ಡ್ಸ್ ಸಂಖ್ಯೆಗೆ (ವೇಗ, ಅಗಲ ಎರಡನ್ನೂ ಸೇರಿಸಿ ಬರುವ ಅಂಕಿ) ಪೋಲಾರ್, ಅಂದರೆ ಲಿಫ್ಟ್ ಮತ್ತು ಎಳೆತದ ಲೆಕ್ಕ, ಇಲ್ಲ, ಅಷ್ಟೆ. ಮೊದಲೇ ರೆನಾಲ್ಡ್ಸ್ ಸಂಖ್ಯೆ 40,000ದಿಂದ 3,00,000ವರೆಗಿನ ಪೋಲಾರ್‌ಗಳನ್ನು ಬ್ಯಾಚ್‌ನಲ್ಲಿ ಓಡಿಸಿಟ್ಟುಕೊಳ್ಳಿ. ಫ್ಯೂಸಲಾಜ್ (ವಿಮಾನದ ಒಡಲು) ಸೇರಿಸುವ ಗೋಜು ಬೇಡ, ಫಲಿತಾಂಶ ಕೆಡುತ್ತದೆ. ಸ್ಟಾಲ್ ಹತ್ತಿರದ ಅಂಕಿಗಳನ್ನೂ ಪೂರಾ ನಂಬಬೇಡಿ.

ಏರ್‌ಫಾಯಿಲ್‌ನ (ರೆಕ್ಕೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರ) ಡ್ಯಾಟ್ ಫೈಲನ್ನು ಫ್ರೀಕ್ಯಾಡ್‌ಗೆ ಇಂಪೋರ್ಟ್ ಮಾಡಿದರೆ ಏನೂ ಕಾಣಿಸದು. ಬಂದಿರುತ್ತದೆ, ಆದರೆ 1 ಮಿಮೀ ಉದ್ದ! ಅದರ ಡ್ರಾಫ್ಟ್ ವಿಭಾಗದ ಸ್ಕೇಲ್‌ನಿಂದ 200 ಪಟ್ಟು ಹಿಗ್ಗಿಸಿ. 1.5 ಮಿಮೀ ಬಾಲ್ಸಾ (ಹಗುರ ಮರ) ಹೊದಿಕೆಗೆ ಒಳಕ್ಕೆ ಆಫ್‌ಸೆಟ್ ಕೊಟ್ಟರೆ ಹಿಂಬದಿಯ ಚೂಪು ತುದಿಯಲ್ಲಿ ಗೆರೆಗಳು ಒಂದರ ಮೇಲೊಂದು ಹಾಯ್ದು ಗಂಟಾಗುತ್ತವೆ. ರಿಬ್ಬನ್ನು (ರೆಕ್ಕೆಯ ಒಳಗಿನ ಏರ್‌ಫಾಯಿಲ್ ಆಕಾರದ ಪಟ್ಟಿ) ಮುಂಬದಿಯಿಂದ 85 ಶೇಕಡಾದಲ್ಲಿ ಮೊದಲೇ ತುಂಡರಿಸಿ ಅಲ್ಲಿಂದಾಚೆ ಟ್ರೇಲಿಂಗ್ ಎಡ್ಜ್ (ಹಿಂಬದಿ ಅಂಚು) ಪಟ್ಟಿ ಇಡುವುದೇ ವಾಸಿ.

6 ಮಿಮೀ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಸಾಗುವ ಕಡ್ಡಿ) ರಿಬ್ಬಿನ ಕಚ್ಚನ್ನು 6 ಎಂದೇ ಬರೆದರೆ ಸಡಿಲವಾಗುತ್ತದೆ. ಲೇಸರ್ ಸುಮಾರು 0.15 ಮಿಮೀ ಸುಟ್ಟು ತಿನ್ನುವುದರಿಂದ 5.85 ಬರೆಯಿರಿ. ತೇವದಲ್ಲಿ ಬಾಲ್ಸಾ ಉಬ್ಬುವುದರಿಂದ, ಅದೇ ಹಾಳೆಯ ತುಂಡೊಂದರಲ್ಲಿ ಕಚ್ಚು ಕೊರೆಸಿ ನೋಡಿಯೇ ಉಳಿದದ್ದು. ಮೈಸೂರಿನ ಲೇಸರ್ ಅಂಗಡಿಗೆ ಡಿಎಕ್ಸ್‌ಎಫ್ (ನಕ್ಷೆಯ ಫೈಲ್) ಕಳಿಸುವಾಗ ಪಕ್ಕದಲ್ಲಿ 100 ಮಿಮೀ ಗೆರೆಯೊಂದನ್ನು ಎಳೆದಿಡಿ: ಅವರ ಕಂಪ್ಯೂಟರ್ ಅದನ್ನು ಇಂಚೆಂದು ಓದಿದರೆ ರಿಬ್ 25.4 ಪಟ್ಟು ದೊಡ್ಡದಾಗಿ ಕೂತಿರುತ್ತದೆ.