ಆರ್ ಅಥವಾ ಎಸ್‌ಪಿಎಸ್‌ಎಸ್: ಮೊದಲು ಯಾವುದನ್ನು ಕಲಿಯಬೇಕು?

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಾಗಲಿ ಸಂಶೋಧನೆ ಆರಂಭಿಸಿದವರು ದತ್ತಾಂಶ ವಿಶ್ಲೇಷಣೆಗೆ ಹೆಚ್ಚಾಗಿ ಆರ್ (R) ಮತ್ತು ಎಸ್‌ಪಿಎಸ್‌ಎಸ್ (SPSS) ಎಂಬ ಎರಡು ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. 1968ರಲ್ಲಿ ಹುಟ್ಟಿ ಈಗ ಐಬಿಎಂ ಒಡೆತನದಲ್ಲಿರುವ ಎಸ್‌ಪಿಎಸ್‌ಎಸ್‌ನಲ್ಲಿ ಮೆನುಗಳಿಂದಲೇ ಕೆಲಸ ನಡೆಯುತ್ತದೆ. ಪರವಾನಗಿ ಮಾತ್ರ ದುಬಾರಿ. ಆರ್ ಉಚಿತ, ಆದರೆ ಆದೇಶಗಳನ್ನು ಬರೆಯಬೇಕಾದ್ದರಿಂದ ಮೊದಲಿಗೆ ಕಷ್ಟವೆನಿಸುತ್ತದೆ. ಆದರೂ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆಯನ್ನು ತಿಂಗಳುವಾರು ಗ್ರಾಫ್ ಮಾಡುವವರು ಆರ್‌ನಲ್ಲಿ ಒಮ್ಮೆ ಬರೆದ ಸ್ಕ್ರಿಪ್ಟನ್ನು (ಆದೇಶಗಳ ಕಡತವನ್ನು) ಉಳಿಸಿಕೊಂಡರೆ, ಮರುವರ್ಷದ ಅಂಕಿಗಳನ್ನು ಸೇರಿಸಿ ಅದೇ ಗ್ರಾಫನ್ನು ಮತ್ತೆ ಪಡೆಯಬಹುದು, ಮಾರ್ಗದರ್ಶಕರೂ ಪ್ರತಿಯೊಂದು ಹೆಜ್ಜೆಯನ್ನು ಪರಿಶೀಲಿಸಬಹುದು. ಸಂಶೋಧನೆಗೆ ಇದಕ್ಕಿಂತ ದೊಡ್ಡ ಅನುಕೂಲ ನನಗೆ ಕಾಣದು. (ಎಸ್‌ಪಿಎಸ್‌ಎಸ್‌ನಲ್ಲೂ ಸಿಂಟ್ಯಾಕ್ಸ್ ಎಂಬ ಆದೇಶಗಳ ಕಡತವನ್ನು ಉಳಿಸಬಹುದು, ಹೊಸಬರು ಅದನ್ನೂ ತಪ್ಪದೆ ರೂಢಿಸಿಕೊಳ್ಳಬೇಕು.) ಗ್ರಾಫ್‌ಗಳ ಅಂದದಲ್ಲಿ ಜಿಜಿಪ್ಲಾಟ್2 ಎಂಬ ಗ್ರಾಫ್ ರಚನೆಯ ಪ್ಯಾಕೇಜ್ ಇರುವ ಆರ್ ಮುಂದಿದೆ. ಪ್ರಬಂಧ ಸಲ್ಲಿಕೆ ಸಮೀಪಿಸಿದ್ದು, ವಿಭಾಗದಲ್ಲಿ ಪರವಾನಗಿಯೂ ಇದ್ದರೆ ಎಸ್‌ಪಿಎಸ್‌ಎಸ್ ಸಾಕು. ಇಲ್ಲವಾದರೆ ಆರ್ ಜೊತೆಗೆ, ಅದರಲ್ಲಿ ಆದೇಶ ಬರೆಯಲು ನೆರವಾಗುವ ಆರ್‌ಸ್ಟುಡಿಯೊ ತಂತ್ರಾಂಶವನ್ನೂ ಅಳವಡಿಸಿಕೊಂಡು ಆರಂಭಿಸಿ.